ಕ್ಯಾಮೆರಾ ಮುಟ್ಟದೆ ಎಕ್ಸ್‌ಪೋಷರ್ ಬದಲಿಸುವುದು: ಎಚ್‌ಡಿಆರ್ ಬ್ರಾಕೆಟಿಂಗ್‌ನ ಒಳಹೊರಗು

ಬಸವನಗುಡಿಯ ಹಳೆಯ ಮನೆಯೊಂದರ ನಡುಮನೆಯನ್ನು ಮಧ್ಯಾಹ್ನದ ಹೊತ್ತಿನಲ್ಲಿ ಚಿತ್ರ ತೆಗೆಯಬೇಕಾಗಿದೆ ಎಂದುಕೊಳ್ಳೋಣ. ಒಳಗೆ ರೆಡ್ ಆಕ್ಸೈಡ್ ನೆಲ, ಮರದ ಕಂಬಗಳು, ಗೋಡೆಗೆ ಒತ್ತಿಟ್ಟ ಹಳೆಯ ಬೆಂಚು. ಕಿಟಕಿಯ ಆಚೆ ಬಿಸಿಲಿನಲ್ಲಿ ಹೊಳೆಯುವ ತೆಂಗಿನ ಗರಿಗಳು ಮತ್ತು ಸುಣ್ಣ ಬಳಿದ ಕಾಂಪೌಂಡ್ ಗೋಡೆ. ಕೋಣೆಯಲ್ಲಿ ನಿಂತವರ ಕಣ್ಣಿಗೆ ಇವೆಲ್ಲವೂ ಸಲೀಸಾಗಿ ಕಾಣುತ್ತವೆ, ಏಕೆಂದರೆ ಕಣ್ಣು ಕಿಟಕಿಯ ಕಡೆ ಹೊರಳಿದಾಗ ಒಂದು ರೀತಿ, ಬೆಂಚಿನ ಕೆಳಗಿನ ಕತ್ತಲೆಯ ಕಡೆ ಹೊರಳಿದಾಗ ಇನ್ನೊಂದು ರೀತಿ ಹೊಂದಿಕೊಳ್ಳುತ್ತಾ ಹೋಗುತ್ತದೆ. ಕ್ಯಾಮೆರಾ ಒಂದು ಚಿತ್ರಕ್ಕೆ ಒಂದೇ ಅಳತೆಯ ಬೆಳಕನ್ನು ಆರಿಸಿಕೊಳ್ಳಬೇಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆಯ ಅಳತೆ) 100, ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ) ಎಫ್/8 ಎಂದು ಇಟ್ಟುಕೊಂಡರೆ, ಬಿಸಿಲಿನ ಗೋಡೆಗೆ ಶಟರ್ ಸುಮಾರು 1/500 ಸೆಕೆಂಡ್ ತೆರೆದರೆ ಸಾಕಾಗುತ್ತದೆ. ಬೆಂಚಿನ ಕೆಳಗಿನ ನೆಲ ಚೆನ್ನಾಗಿ ಕಾಣಬೇಕಾದರೆ 2 ಸೆಕೆಂಡ್ ಬೇಕಾಗುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಸಾವಿರ ಪಟ್ಟು ಅಂತರ. ಇಂಥಲ್ಲಿ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ, ಅಂದರೆ ಬೆಳಕಿನ ಬೇರೆ ಬೇರೆ ಅಳತೆಗಳಲ್ಲಿ, ತೆಗೆಯುವುದೇ ಬ್ರಾಕೆಟಿಂಗ್; ಆ ಚಿತ್ರಗಳನ್ನು ಕೂಡಿಸಿ ಬಿಸಿಲನ್ನೂ ಕತ್ತಲೆಯನ್ನೂ ಒಟ್ಟಿಗೆ ಕಾಣಿಸುವುದು ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್).

ಛಾಯಾಗ್ರಾಹಕರು ಈ ಅಂತರವನ್ನು ಸ್ಟಾಪ್‌ಗಳಲ್ಲಿ ಅಳೆಯುತ್ತಾರೆ. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಹೆಚ್ಚು, ಅರ್ಧಕ್ಕಿಳಿದರೆ ಒಂದು ಸ್ಟಾಪ್ ಕಡಿಮೆ. ಎರಡನ್ನು ಹತ್ತು ಸಲ ಗುಣಿಸಿದರೆ 1,024 ಬರುವುದರಿಂದ, ನಮ್ಮ ನಡುಮನೆಯ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ 10 ಸ್ಟಾಪ್‌ಗಳ ದೂರವಿದೆ. ಇಂದಿನ ಒಳ್ಳೆಯ ಫುಲ್ ಫ್ರೇಮ್ ಸೆನ್ಸರುಗಳು ಕಡಿಮೆ ಐಎಸ್‌ಒದಲ್ಲಿ 14 ಸ್ಟಾಪ್‌ಗಳ ಆಸುಪಾಸಿನ ವ್ಯಾಪ್ತಿಯನ್ನು ಹಿಡಿಯುತ್ತವೆ ಎಂದು ಓದಿದವರು, ಹಾಗಾದರೆ ಒಂದೇ ಚಿತ್ರ ಸಾಲದೇ ಎಂದು ಕೇಳುವುದು ಸಹಜ. ಆದರೆ 10 ಸ್ಟಾಪ್ ಎಂದು ನಾವು ಎಣಿಸಿದ್ದು ಎರಡು ಜಾಗಗಳ ನಡುಮಟ್ಟದ ಬೆಳಕಿನ ಅಂತರ ಮಾತ್ರ. ಸುಣ್ಣದ ಗೋಡೆಯ ಅತಿ ಹೊಳಪಿನ ಭಾಗ ಅದಕ್ಕಿಂತ ಮೇಲೆಯೂ, ಬೆಂಚಿನ ಮೂಲೆಯ ಕಪ್ಪು ಅದಕ್ಕಿಂತ ಕೆಳಗೂ ಚಾಚಿಕೊಂಡಿರುತ್ತವೆ. ಜೊತೆಗೆ, ಆ 14 ಸ್ಟಾಪ್‌ಗಳು ಗುಣಮಟ್ಟದಲ್ಲಿ ಸಮವಲ್ಲ. ಸೆನ್ಸರು ಬೆಳಕನ್ನು ನೇರ ಅನುಪಾತದಲ್ಲಿ ದಾಖಲಿಸುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ (ಸೆನ್ಸರು ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸಿಟ್ಟ ಫೈಲು) ಒಟ್ಟು 16,384 ಹಂತಗಳಿದ್ದರೆ, ಅವುಗಳಲ್ಲಿ ಅರ್ಧ, ಅಂದರೆ 8,192 ಹಂತಗಳು, ಅತ್ಯಂತ ಹೊಳಪಿನ ಒಂದೇ ಒಂದು ಸ್ಟಾಪ್‌ಗೆ ಹೋಗಿಬಿಡುತ್ತವೆ. ಮುಂದಿನ ಸ್ಟಾಪ್‌ಗೆ 4,096, ಅದರ ಮುಂದಿನದಕ್ಕೆ 2,048. ಹೀಗೆ ಇಳಿಯುತ್ತಾ ಹತ್ತನೆಯ ಸ್ಟಾಪ್‌ಗೆ ಉಳಿಯುವುದು ಬರೀ 16. ಇದಕ್ಕಿಂತಲೂ ದೊಡ್ಡ ತೊಡಕೆಂದರೆ ಅಲ್ಲಿಗೆ ತಲುಪುವ ಬೆಳಕಿನ ಕಣಗಳೇ ಕಡಿಮೆ, ಹಾಗಾಗಿ ನಾಯ್ಸ್, ಅಂದರೆ ಚಿತ್ರವನ್ನು ಕೆಡಿಸುವ ಕಾಳುಕಾಳಾದ ಚುಕ್ಕೆಗಳು, ಹೆಚ್ಚು. ಬೆಳಕು ನಾಲ್ಕು ಪಟ್ಟಾದರೆ ಅದಕ್ಕೆ ಹೋಲಿಸಿದಂತೆ ನಾಯ್ಸ್ ಅರ್ಧಕ್ಕಿಳಿಯುತ್ತದೆ. ಕತ್ತಲೆಯ ಭಾಗಕ್ಕೆ ಪ್ರತ್ಯೇಕವಾಗಿ ದೀರ್ಘ ಎಕ್ಸ್‌ಪೋಷರ್ ಕೊಡುವುದರ ಹಿಂದಿರುವ ಕಾರಣ ಇದೇ: ಒಂದೇ ರಾ ಫೈಲಿನ ನೆರಳನ್ನು ಕಂಪ್ಯೂಟರಿನಲ್ಲಿ ಎತ್ತಿದಾಗ ಕಾಣುವ ಕಾಳುಕಾಳಾದ ಕಂದು ನೆಲಕ್ಕೂ, 2 ಸೆಕೆಂಡ್ ತೆರೆದು ತೆಗೆದ ಫ್ರೇಮಿನಲ್ಲಿ ಕಾಣುವ ನುಣುಪಾದ ಕೆಂಪು ನೆಲಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಈ ಶ್ರಮ ವ್ಯರ್ಥವೆಂದು ಹೇಳಲಾರರು.

ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ತೆಗೆದು ಬಳಿಕ ಒಂದಾಗಿಸುವ ಉಪಾಯ ಡಿಜಿಟಲ್ ಯುಗದ್ದಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಪ್ರಿಂಟ್ ತೆಗೆದಿದ್ದರು. ಇಂದಿನ ವಿಧಾನಕ್ಕೆ ಗಣಿತದ ಗಟ್ಟಿ ಬುನಾದಿ ಬಿದ್ದದ್ದು 1997ರಲ್ಲಿ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಡೆಬೆವೆಕ್ ಮತ್ತು ನಮ್ಮ ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ ಪ್ರಕಟಿಸಿದ ಪ್ರಬಂಧದಿಂದ. ಹಲವು ಫ್ರೇಮುಗಳ ಎಕ್ಸ್‌ಪೋಷರ್ ಕಾಲ ಗೊತ್ತಿದ್ದರೆ, ದೃಶ್ಯದ ಪ್ರತಿ ಬಿಂದುವಿನಿಂದ ನಿಜಕ್ಕೂ ಎಷ್ಟು ಬೆಳಕು ಬಂದಿತೆಂಬುದನ್ನು ಹಿಂದಕ್ಕೆ ಲೆಕ್ಕ ಹಾಕಬಹುದೆಂದು ಅವರು ತೋರಿಸಿದರು. ಇಲ್ಲಿ ಗಮನಿಸಬೇಕಾದದ್ದು ‘ಎಕ್ಸ್‌ಪೋಷರ್ ಕಾಲ ಗೊತ್ತಿದ್ದರೆ’ ಎಂಬ ಷರತ್ತು. ಫ್ರೇಮಿನಿಂದ ಫ್ರೇಮಿಗೆ ಬದಲಾಗಬೇಕಾದದ್ದು ಕಾಲವೊಂದೇ. ಅಪರ್ಚರ್ ಬದಲಾದರೆ ಫೋಕಸ್‌ನ ಆಳ ಬದಲಾಗಿ ಫ್ರೇಮುಗಳ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ. ಐಎಸ್‌ಒ ಬದಲಾದರೆ ನಾಯ್ಸ್ ಬದಲಾಗುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಆಟೊದಲ್ಲಿದ್ದರೆ ಜೆಪೆಗ್ ಚಿತ್ರಗಳ ಬಣ್ಣ ಒಂದೊಂದರಲ್ಲಿ ಒಂದೊಂದು ಥರ ಬರುತ್ತದೆ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ಈ ಕೊನೆಯ ನಿಯಮದಿಂದಲೇ ದೂರ ನಿಯಂತ್ರಣದ ಪ್ರಶ್ನೆ ಹುಟ್ಟುತ್ತದೆ.

ಬಹುತೇಕ ಕ್ಯಾಮೆರಾಗಳಲ್ಲಿ ಆಟೊ ಎಕ್ಸ್‌ಪೋಷರ್ ಬ್ರಾಕೆಟಿಂಗ್ ಎಂಬ ಸೌಲಭ್ಯ ಈಗಾಗಲೇ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಸಾಮಾನ್ಯ ದೃಶ್ಯಗಳಿಗೆ ಅದು ಸಾಕು. ಸೆಲ್ಫ್ ಟೈಮರನ್ನು 2 ಸೆಕೆಂಡಿಗೆ ಇಟ್ಟು ಒಮ್ಮೆ ಒತ್ತಿದರೆ ಹಲವು ಮಾದರಿಗಳು ಇಡೀ ಸರಣಿಯನ್ನು ತಾವೇ ತೆಗೆದು ಮುಗಿಸುತ್ತವೆ. ಹೆಚ್ಚುವರಿ ಖರ್ಚೇ ಇಲ್ಲ. ಆದರೆ ಆರಂಭಿಕ ದರ್ಜೆಯ ಅನೇಕ ಕ್ಯಾಮೆರಾಗಳು ಕೊಡುವುದು ಮೂರೇ ಫ್ರೇಮು, ನಡುವಿನಿಂದ ಆಚೆಗೆ ಎರಡು ಸ್ಟಾಪ್, ಈಚೆಗೆ ಎರಡು ಸ್ಟಾಪ್. ನಮ್ಮ ನಡುಮನೆಯಲ್ಲಿ ನಡುವಿನ ಫ್ರೇಮ್ 1/30 ಸೆಕೆಂಡ್ ಆದರೆ ಸಿಗುವ ಮೂರು ಚಿತ್ರಗಳು 1/125, 1/30 ಮತ್ತು 1/8. ಸುಣ್ಣದ ಗೋಡೆ ಆಗಲೂ ಬಿಳಿಯ ತೇಪೆಯಾಗಿಯೇ ಉಳಿಯುತ್ತದೆ, ಬೆಂಚಿನ ಕೆಳಗೆ ಆಗಲೂ ಕತ್ತಲೆಯೇ. 10 ಸ್ಟಾಪ್‌ಗಳ ಅಂತರಕ್ಕೆ ನಾವು ಹಾಕಿದ ಏಣಿ 4 ಸ್ಟಾಪ್‌ಗಳದ್ದು. ಬೇಕಾದಷ್ಟು ಉದ್ದದ ಏಣಿಯನ್ನು ದೃಶ್ಯವನ್ನು ನೋಡಿ ನಾವೇ ಕಟ್ಟಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ದೂರ ನಿಯಂತ್ರಣದ ನಿಜವಾದ ಉಪಯೋಗ ಇದು. ಬಟನ್ ಒತ್ತುವಾಗ ಕೈ ಅಲುಗದಿರುವುದು ಅದರ ಜೊತೆಗೆ ಬರುವ ಸಣ್ಣ ಲಾಭ.

ಆದ್ದರಿಂದ ರಿಮೋಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಲ್ಲವೂ ಈ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಎರಡು ಹಂತದ ಬಟನ್ ಇರುವ ತಂತಿ ರಿಮೋಟ್ ಮಾಡಬಲ್ಲದ್ದು ಎರಡೇ ಕೆಲಸ: ಅರ್ಧ ಒತ್ತಿದಾಗ ಫೋಕಸ್, ಪೂರ್ತಿ ಒತ್ತಿದಾಗ ಕ್ಲಿಕ್. ಇನ್‌ಫ್ರಾರೆಡ್ ರಿಮೋಟುಗಳದ್ದೂ ಅಷ್ಟೇ. ಬಲ್ಬ್ ಮೋಡ್‌ನಲ್ಲಿ ಬಟನ್ ಹಿಡಿದಿಟ್ಟು ಕಾಲವನ್ನು ನಾವೇ ನಿರ್ಧರಿಸಬಹುದಾದರೂ, 1/500 ಸೆಕೆಂಡನ್ನು ಬೆರಳಿನಿಂದ ಅಳೆಯಲಾಗದು. ಕ್ಯಾಮೆರಾದ ಒಳಗಿನ ಶಟರ್ ವೇಗದ ಅಂಕೆಯನ್ನೇ ಹೊರಗಿನಿಂದ ಬದಲಿಸಬೇಕಾದರೆ, ಕ್ಯಾಮೆರಾ ಮತ್ತು ನಿಯಂತ್ರಿಸುವ ಯಂತ್ರದ ನಡುವೆ ಮಾಹಿತಿ ವಿನಿಮಯವಾಗುವ ಸಂಪರ್ಕ ಬೇಕು. ಅದು ಯುಎಸ್‌ಬಿ ಕೇಬಲ್ ಆಗಿರಬಹುದು ಅಥವಾ ವೈಫೈ ಆಗಿರಬಹುದು.

ಈ ಸಂಪರ್ಕದ ಹಿಂದೆ ಇರುವುದು ಪಿಕ್ಚರ್ ಟ್ರಾನ್ಸ್‌ಫರ್ ಪ್ರೋಟೊಕಾಲ್, ಚಿಕ್ಕದಾಗಿ ಪಿಟಿಪಿ. 2000ನೇ ಇಸವಿಯಲ್ಲಿ ಪಿಮಾ 15740 ಎಂಬ ಹೆಸರಿನಲ್ಲಿ ಮಾನಕವಾಗಿ ರೂಪುಗೊಂಡು, ಬಳಿಕ ಐಎಸ್‌ಒ 15740 ಎಂದು ಅಂತಾರಾಷ್ಟ್ರೀಯ ಮನ್ನಣೆ ಪಡೆದ ಈ ನಿಯಮಾವಳಿ, ಹೆಸರು ಸೂಚಿಸುವಂತೆ ಚಿತ್ರಗಳನ್ನು ಸಾಗಿಸುವುದಕ್ಕಷ್ಟೇ ಸೀಮಿತವಲ್ಲ. ಅದರಲ್ಲಿ ಅಪರ್ಚರ್, ಐಎಸ್‌ಒ, ಎಕ್ಸ್‌ಪೋಷರ್ ಕಾಲ ಮುಂತಾದ ಒಂದೊಂದು ಗುಣಕ್ಕೂ ಒಂದೊಂದು ಸಂಕೇತ ಸಂಖ್ಯೆಯಿದೆ; ಹೊರಗಿನ ಯಂತ್ರ ಆ ಸಂಖ್ಯೆಯನ್ನು ಹೇಳಿ ಈಗಿನ ಮೌಲ್ಯವೇನೆಂದು ಕೇಳಬಹುದು, ಯಾವ ಯಾವ ಮೌಲ್ಯಗಳನ್ನು ಒಪ್ಪುತ್ತೀಯೆಂದು ವಿಚಾರಿಸಬಹುದು, ಹೊಸ ಮೌಲ್ಯವನ್ನು ಬರೆಯಬಹುದು, ಕೊನೆಗೆ ಚಿತ್ರ ತೆಗೆಯಲು ಆಜ್ಞಾಪಿಸಬಹುದು. ಮೂಲ ಮಾನಕದಲ್ಲಿ ಎಕ್ಸ್‌ಪೋಷರ್ ಕಾಲವನ್ನು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆಯಲಾಗುತ್ತದೆ: 1/125 ಸೆಕೆಂಡ್ ಎಂದರೆ 80, 2 ಸೆಕೆಂಡ್ ಎಂದರೆ 20,000. ಕ್ಯಾಮೆರಾ ಕಂಪನಿಗಳು ಇದರ ಮೇಲೆ ತಮ್ಮ ತಮ್ಮ ವಿಸ್ತರಣೆಗಳನ್ನು ಸೇರಿಸಿಕೊಂಡಿವೆ. ಒಂದೇ ತಂತ್ರಾಂಶ ಒಂದು ಕ್ಯಾಮೆರಾದಲ್ಲಿ ಮಾಡುವುದನ್ನು ಇನ್ನೊಂದರಲ್ಲಿ ಮಾಡದಿರುವುದಕ್ಕೆ ಇದು ಕಾರಣ.

ಬಳಕೆದಾರರು ಈ ಸಂಖ್ಯೆಗಳನ್ನು ನೇರವಾಗಿ ಮುಟ್ಟಬೇಕಾಗಿಲ್ಲ. ಕ್ಯಾನನ್ ಕಂಪನಿಯ ಇಒಎಸ್ ಯುಟಿಲಿಟಿ, ನಿಕಾನ್‌ನ ಎನ್ಎಕ್ಸ್ ಟೆದರ್, ಸೋನಿಯ ಇಮೇಜಿಂಗ್ ಎಡ್ಜ್ ಮುಂತಾದವು ಆಯಾ ಕಂಪನಿಯವೇ ಕೊಟ್ಟ ತಂತ್ರಾಂಶಗಳು. ವಿಂಡೋಸ್‌ಗೆ ಡಿಜಿಕ್ಯಾಮ್‌ಕಂಟ್ರೋಲ್ ಎಂಬ ಮುಕ್ತ ತಂತ್ರಾಂಶವಿದೆ; ಲಿನಕ್ಸ್‌ನಲ್ಲಿ ಜಿಫೋಟೊ2 ಎಂಬುದು ನೂರಾರು ಮಾದರಿಗಳ ಜೊತೆ ಮಾತನಾಡಬಲ್ಲದು. ಕಂಪ್ಯೂಟರಿನಲ್ಲಿ ಸ್ವಲ್ಪ ಆಜ್ಞೆ ಬರೆಯಲು ಬರುವವರಿಗೆ ನಾನು ಜಿಫೋಟೊ2ವನ್ನೇ ಮೊದಲು ಶಿಫಾರಸು ಮಾಡುತ್ತೇನೆ. ಅಂಗೈಯಗಲದ ರಾಸ್‌ಬೆರಿ ಪೈ ಬೋರ್ಡಿನಲ್ಲಿಯೂ ಅದು ಓಡುತ್ತದೆ, ಮತ್ತು ಏಣಿಯ ಪ್ರತಿ ಮೆಟ್ಟಿಲನ್ನೂ ನಮಗೆ ಬೇಕಾದಂತೆ ಬರೆದಿಡಬಹುದು. ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಕ್ಯಾಮೆರಾ ಸಿಕ್ಕಿಸಿದ ಕೂಡಲೇ ಫೈಲ್ ಮ್ಯಾನೇಜರ್ ಅದನ್ನು ತಾನೇ ಹಿಡಿದುಕೊಳ್ಳುವುದುಂಟು. ಆ ಹಿಡಿತವನ್ನು ಬಿಡಿಸದ (ಅನ್‌ಮೌಂಟ್ ಮಾಡದ) ಹೊರತು ಜಿಫೋಟೊ2ಗೆ ಕ್ಯಾಮೆರಾ ಸಿಗುವುದಿಲ್ಲ.

ಈಗ ನಡುಮನೆಗೆ ಬರೋಣ. ಟ್ರೈಪಾಡ್ ಗಟ್ಟಿಯಾಗಿ ನಿಲ್ಲಿಸಿ, ಮೋಡ್ ಡಯಲನ್ನು ಎಮ್‌ಗೆ (ಮ್ಯಾನ್ಯುಯಲ್) ತಿರುಗಿಸಬೇಕು. ಅನೇಕ ಕ್ಯಾಮೆರಾಗಳಲ್ಲಿ ಈ ಡಯಲನ್ನು ದೂರದಿಂದ ತಿರುಗಿಸಲಾಗದು. ಅದು ಅಪರ್ಚರ್ ಪ್ರಯಾರಿಟಿಯಲ್ಲಿ (ಶಟರ್ ವೇಗವನ್ನು ಕ್ಯಾಮೆರಾವೇ ನಿರ್ಧರಿಸುವ ಮೋಡ್) ಉಳಿದಿದ್ದರೆ ಶಟರ್ ವೇಗ ಬರೆಯುವ ಆಜ್ಞೆಯನ್ನು ಕ್ಯಾಮೆರಾ ತಿರಸ್ಕರಿಸುತ್ತದೆ. ಆಟೊ ಐಎಸ್‌ಒ ಆಫ್ ಮಾಡಬೇಕು, ಒಮ್ಮೆ ಫೋಕಸ್ ಮಾಡಿ ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್‌ಗೆ ಬದಲಿಸಬೇಕು, ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಆಫ್ ಮಾಡಬೇಕು. ದೀರ್ಘ ಎಕ್ಸ್‌ಪೋಷರ್‌ನ ನಾಯ್ಸ್ ಕಡಿತವನ್ನೂ ಆಫ್ ಮಾಡುವುದು ಒಳ್ಳೆಯದು, ಏಕೆಂದರೆ ಅದು ದೀರ್ಘ ಫ್ರೇಮಿನ ಬಳಿಕ ಅಷ್ಟೇ ಹೊತ್ತು ಶಟರ್ ಮುಚ್ಚಿಟ್ಟು ಇನ್ನೊಂದನ್ನು ತೆಗೆಯುವುದರಿಂದ ಸರಣಿ ಎಳೆದಾಡುತ್ತದೆ.

ಮೊದಲ ಕೆಲಸ ಎರಡು ತುದಿಗಳನ್ನು ಹುಡುಕುವುದು. ಲ್ಯಾಪ್‌ಟಾಪಿನಿಂದ ಶಟರ್ ವೇಗವನ್ನು ಏರಿಸುತ್ತಾ ಪರೀಕ್ಷೆಯ ಚಿತ್ರಗಳನ್ನು ತೆಗೆದು, ಹಿಸ್ಟೋಗ್ರಾಮಿನ (ಎಡದ ಕಪ್ಪಿನಿಂದ ಬಲದ ಬಿಳಿಯವರೆಗೆ ಚಿತ್ರದ ಹೊಳಪು ಹೇಗೆ ಹಂಚಿದೆಯೆಂದು ತೋರಿಸುವ ನಕ್ಷೆ) ಬಲತುದಿಯನ್ನು ಗಮನಿಸಬೇಕು. ಕಿಟಕಿಯಾಚೆಯ ಗೋಡೆಯ ಮಾಹಿತಿ ಬಲ ಅಂಚಿಗೆ ತಾಗದೆ ಒಳಗೆ ಬಂದ ಕ್ಷಣ ಕೆಳಗಿನ ಮೆಟ್ಟಿಲು ಸಿಕ್ಕಿತು. ಇಲ್ಲಿ ಅದು 1/500. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮ್ ಸಾಮಾನ್ಯವಾಗಿ ಜೆಪೆಗ್ ಆಧಾರದ್ದಾಗಿರುವುದರಿಂದ ರಾ ಫೈಲಿನಲ್ಲಿ ಅದಕ್ಕಿಂತ ತುಸು ಹೆಚ್ಚು ಬೆಳಕು ಉಳಿದಿರುತ್ತದೆ, ಅದು ನಮ್ಮ ಸುರಕ್ಷತೆಯ ಅಂಚು. ಬಳಿಕ ವೇಗವನ್ನು ಇಳಿಸುತ್ತಾ ಹೋಗಿ, ಚಿತ್ರವನ್ನು ಪರದೆಯಲ್ಲಿ ದೊಡ್ಡದು ಮಾಡಿ ಬೆಂಚಿನ ಕೆಳಗಿನ ಮೂಲೆಯನ್ನು ನೋಡಬೇಕು. ನೆಲದ ಸಣ್ಣ ಬಿರುಕುಗಳು, ಬೆಂಚಿನ ಕಾಲು ನೆಲಕ್ಕೆ ಸೇರುವ ಗೆರೆ ಸ್ವಚ್ಛವಾಗಿ ಕಂಡರೆ ಮೇಲಿನ ಮೆಟ್ಟಿಲೂ ಸಿಕ್ಕಿತು. ಇಲ್ಲಿ ಅದು 2 ಸೆಕೆಂಡ್. ನಡುವೆ ಎರಡೆರಡು ಸ್ಟಾಪ್‌ಗಳ ಅಂತರದಲ್ಲಿ ಮೆಟ್ಟಿಲು ಜೋಡಿಸಿದರೆ ಏಣಿ ಹೀಗಾಗುತ್ತದೆ: 1/500, 1/125, 1/30, 1/8, 1/2, 2 ಸೆಕೆಂಡ್. ಆರು ಫ್ರೇಮು. ಒಂದೊಂದೇ ಸ್ಟಾಪ್‌ನಂತೆ ಹನ್ನೊಂದು ಫ್ರೇಮು ತೆಗೆಯುವವರೂ ಇದ್ದಾರೆ. ರಾ ಫೈಲಿನಲ್ಲಿ ತೆಗೆಯುವಾಗ ಅದರಿಂದ ಸಿಗುವ ಲಾಭ ಅತ್ಯಲ್ಪ, ಹೆಚ್ಚಿದ ಹೊತ್ತಿನಲ್ಲಿ ಮೋಡ ಸರಿದು ಬೆಳಕೇ ಬದಲಾಗುವ ಅಪಾಯ ಮಾತ್ರ ದೊಡ್ಡದು.

ಕೋಣೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಈ ಏಣಿಯನ್ನು ತುಸು ಸರಿಸಬೇಕಾಗುತ್ತದೆ, ಮತ್ತು ಬೆಂಗಳೂರಿನ ಮನೆಗಳ, ಅಂಗಡಿಗಳ, ಕಚೇರಿಗಳ ಒಳಾಂಗಣ ತೆಗೆಯುವವರಿಗೆ ಇದು ಬಹಳ ಮುಖ್ಯವಾದ ಸಂಗತಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟುಗಳೂ ಅಗ್ಗದ ಅನೇಕ ಎಲ್ಇಡಿ ದೀಪಗಳೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣುವುದಿಲ್ಲ. ಆದರೆ 1/125 ಸೆಕೆಂಡ್ ತೆರೆದ ಶಟರ್ ಒಂದು ಮಿನುಗಿನ ತುಣುಕನ್ನಷ್ಟೇ ಹಿಡಿಯುವುದರಿಂದ, ಅದೇ ವೇಗದಲ್ಲಿ ತೆಗೆದ ಎರಡು ಫ್ರೇಮುಗಳ ಹೊಳಪು ಮತ್ತು ಬಣ್ಣ ಬೇರೆ ಬೇರೆಯಾಗಬಹುದು, ಎಲೆಕ್ಟ್ರಾನಿಕ್ ಶಟರ್ ಬಳಸಿದ್ದರೆ ಚಿತ್ರದುದ್ದಕ್ಕೂ ಪಟ್ಟೆಗಳು ಮೂಡಬಹುದು. ಪರಿಹಾರವೆಂದರೆ 1/100 ಸೆಕೆಂಡನ್ನು ಆಧಾರವಾಗಿಟ್ಟುಕೊಂಡು ಏಣಿ ಕಟ್ಟುವುದು: 1/400, 1/100, 1/25, 1/6, 0.6, 2.5. ಇವೂ ಎರಡೆರಡು ಸ್ಟಾಪ್‌ಗಳ ಅಂತರದಲ್ಲೇ ಇವೆ, ಆದರೆ ಎರಡನೆಯದರಿಂದ ಮುಂದೆ ಪ್ರತಿಯೊಂದೂ ಹೆಚ್ಚುಕಡಿಮೆ ಪೂರ್ಣ ಸಂಖ್ಯೆಯ ಮಿನುಗುಗಳನ್ನು ಹಿಡಿಯುತ್ತದೆ. ಉಳಿದ 1/400ರ ಫ್ರೇಮಿನಿಂದ ನಾವು ಬಳಸಿಕೊಳ್ಳುವುದು ಕಿಟಕಿಯಾಚೆಯ ಬಿಸಿಲನ್ನು ಮಾತ್ರ, ಸೂರ್ಯನ ಬೆಳಕು ಮಿನುಗುವುದಿಲ್ಲ. ಕ್ಯಾಮೆರಾದ ಸ್ವಯಂಚಾಲಿತ ಬ್ರಾಕೆಟಿಂಗ್‌ಗೆ ಈ ಬಗೆಯ ವಿವೇಚನೆ ಇರುವುದಿಲ್ಲ.

ತಂತ್ರಾಂಶದ ಮೂಲಕ ಸರಣಿ ಓಡಿಸುವಾಗ ಹೆಚ್ಚಾಗಿ ಎಡವುವುದು ಕಾಯುವಿಕೆಯಲ್ಲಿ. ಚಿತ್ರ ತೆಗೆದ ಮೇಲೆ ಕ್ಯಾಮೆರಾ ಅದನ್ನು ಬರೆದು ಮುಗಿಸುವವರೆಗೂ ಕಾರ್ಯನಿರತವಾಗಿರುತ್ತದೆ. ಆ ಹೊತ್ತಿನಲ್ಲಿ ಬಂದ ಹೊಸ ಶಟರ್ ವೇಗದ ಆಜ್ಞೆಯನ್ನು ಅದು ಒಪ್ಪದಿದ್ದರೆ, ಮುಂದಿನ ಫ್ರೇಮ್ ಹಳೆಯ ವೇಗದಲ್ಲೇ ದಾಖಲಾಗುತ್ತದೆ. ಆರು ಫ್ರೇಮುಗಳಿವೆ ಎಂದು ಎಣಿಸಿಕೊಂಡು ಮನೆಗೆ ಬಂದರೆ ಅವುಗಳಲ್ಲಿ ಎರಡು ಒಂದೇ ಆಗಿರುತ್ತವೆ. ಹಾಗಾಗಿ ಹೊಸ ಮೌಲ್ಯ ಬರೆದ ಮೇಲೆ ಅದನ್ನು ಮರಳಿ ಓದಿ ಖಚಿತಪಡಿಸಿಕೊಂಡು, ಆಮೇಲಷ್ಟೇ ಕ್ಲಿಕ್ ಆಜ್ಞೆ ಕಳಿಸುವಂತೆ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಬರೆದಿಡುವ ಆಜ್ಞೆಗಳ ಪಟ್ಟಿ) ಬರೆಯಬೇಕು. ಪ್ರತಿ ರಾ ಫೈಲನ್ನೂ ತಕ್ಷಣ ಲ್ಯಾಪ್‌ಟಾಪಿಗೆ ಎಳೆದುಕೊಳ್ಳುವ ಬದಲು ಕ್ಯಾಮೆರಾದ ಮೆಮೊರಿ ಕಾರ್ಡಿಗೆ ಬರೆಸಿದರೆ ಫ್ರೇಮುಗಳ ನಡುವಿನ ಅಂತರ ಗಮನಾರ್ಹವಾಗಿ ತಗ್ಗುತ್ತದೆ. ಜಿಫೋಟೊ2ದಲ್ಲಿ ಇದಕ್ಕೆಂದೇ ಒಂದು ಆಯ್ಕೆಯಿದೆ.

ಕೇಬಲ್ಲೋ ವೈಫೈಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ಕೇಬಲ್. ಮೊಬೈಲ್ ಆ್ಯಪ್‌ಗಳು ಸರಣಿಯನ್ನು ತಾವೇ ಓಡಿಸದಿದ್ದರೂ ಹಲವುದರಲ್ಲಿ ಶಟರ್ ವೇಗವನ್ನು ಬೆರಳಿನಿಂದ ಬದಲಿಸಿ ಒಂದೊಂದೇ ಫ್ರೇಮ್ ತೆಗೆಯಬಹುದು, ಆರು ಫ್ರೇಮುಗಳಿಗೆ ಅದೇನೂ ಕಷ್ಟವಲ್ಲ. ಆದರೆ ಒತ್ತೊತ್ತಾದ ಅಪಾರ್ಟ್‌ಮೆಂಟುಗಳಲ್ಲಿ ಹತ್ತಾರು ರೂಟರುಗಳ ನಡುವೆ ಕ್ಯಾಮೆರಾದ ದುರ್ಬಲ ಸಂಕೇತ ಕಡಿದುಹೋಗುವುದು, ಕ್ಯಾಮೆರಾದ ವೈಫೈನಲ್ಲಿ ಇಂಟರ್‌ನೆಟ್ ಇಲ್ಲವೆಂದು ಫೋನು ತಾನಾಗಿಯೇ ಬೇರೆ ಸಂಪರ್ಕಕ್ಕೆ ಜಿಗಿಯುವುದು ಸಾಮಾನ್ಯ. ಕೇಬಲ್ ಕೊಳ್ಳಲು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಗೆ ಹೋದವರು ಅದು ಡೇಟಾ ಕೇಬಲ್ಲೇ ಎಂದು ಕೇಳಿಯೇ ಕೊಳ್ಳಬೇಕು, ಚಾರ್ಜಿಂಗ್‌ಗೆ ಮಾತ್ರ ಬರುವ ತಂತಿಗಳೂ ನೋಡಲು ಹಾಗೆಯೇ ಇರುತ್ತವೆ. ಯುಎಸ್‌ಬಿ 2.0 ಕೇಬಲ್ಲಿನ ಉದ್ದದ ಮಿತಿ 5 ಮೀಟರ್; ಅದಕ್ಕಿಂತ ದೂರಕ್ಕೆ ಆ್ಯಕ್ಟಿವ್ ಎಕ್ಸ್‌ಟೆನ್ಶನ್ ಬೇಕು. ಕೇಬಲನ್ನು ಟ್ರೈಪಾಡಿನ ಕಾಲಿಗೆ ಕಟ್ಟಿದರೆ ಅದರ ಭಾರ ಕ್ಯಾಮೆರಾದ ಪೋರ್ಟಿನ ಮೇಲೆ ಬೀಳುವುದಿಲ್ಲ.

ಹೊರಾಂಗಣದಲ್ಲಿ ದೂರ ನಿಯಂತ್ರಣದ ಶಕ್ತಿ ಪೂರ್ತಿಯಾಗಿ ಕಾಣುವುದು ಮುಸ್ಸಂಜೆಯಲ್ಲಿ. ದೀಪಾಲಂಕಾರವಿರುವ ಸಂಜೆ ವಿಧಾನಸೌಧದ ಎದುರಿನ ರಸ್ತೆಯಲ್ಲಿ, ಅನುಮತಿಯಿರುವ ಜಾಗದಲ್ಲಿ, ಟ್ರೈಪಾಡ್ ನಿಲ್ಲಿಸಿದ್ದೇವೆ ಎಂದಿಟ್ಟುಕೊಳ್ಳಿ. ಬೆಂಗಳೂರು ಸಮಭಾಜಕಕ್ಕೆ ಹತ್ತಿರವಾದ್ದರಿಂದ ಇಲ್ಲಿ ಮುಸ್ಸಂಜೆ ಚಿಕ್ಕದು. ಸೂರ್ಯ ಮುಳುಗಿದಾಗಿನಿಂದ ದಿಗಂತಕ್ಕಿಂತ 6 ಡಿಗ್ರಿ ಕೆಳಗಿಳಿಯುವ ತನಕ ಸುಮಾರು 22 ನಿಮಿಷ. ಮೋಡವಿಲ್ಲದ ದಿನ ಈ ಅವಧಿಯಲ್ಲಿ ಆಕಾಶದಿಂದ ಬರುವ ಬೆಳಕು ಹೆಚ್ಚುಕಡಿಮೆ 7 ಸ್ಟಾಪ್ ಕುಸಿಯುತ್ತದೆ, ಅಂದರೆ ಮೂರು ನಿಮಿಷಕ್ಕೊಂದು ಸ್ಟಾಪ್. ಆರಂಭದಲ್ಲಿ 1/60 ಸೆಕೆಂಡಿಗೆ ಸರಿಯಾಗಿ ಬರುತ್ತಿದ್ದ ಆಕಾಶಕ್ಕೆ ಕೊನೆಯಲ್ಲಿ 2 ಸೆಕೆಂಡ್ ಬೇಕಾಗುತ್ತದೆ. ಆದರೆ ಕಂಬಗಳ ನಡುವಿನ ದೀಪಗಳ ಹೊಳಪು ಕಿಂಚಿತ್ತೂ ಬದಲಾಗುವುದಿಲ್ಲ. ಅವು ಸುಟ್ಟುಹೋಗದಂತೆ ಉಳಿಯಲು 1/60 ಸೆಕೆಂಡ್ ಬೇಕಿದ್ದರೆ ಕೊನೆಯವರೆಗೂ ಅದೇ ಬೇಕು. ಕ್ಯಾಮೆರಾದ ಸ್ವಯಂಚಾಲಿತ ಬ್ರಾಕೆಟಿಂಗ್ ನಡುವಿನ ಫ್ರೇಮಿಗೆ ಅಂಟಿಕೊಂಡಿರುತ್ತದೆ: ಕತ್ತಲಾದಂತೆ ನಡುವನ್ನು ಎತ್ತಿದರೆ ಎರಡೂ ತುದಿಗಳು ಒಟ್ಟಿಗೆ ಮೇಲೇರುತ್ತವೆ, ಆಕಾಶ ಉಳಿದರೂ ದೀಪಗಳು ಬಿಳಿಯ ಉಂಡೆಗಳಾಗುತ್ತವೆ. ಸ್ಕ್ರಿಪ್ಟಿನಲ್ಲಿ ಹಾಗಾಗಬೇಕಿಲ್ಲ. ಕೆಳಗಿನ ಮೆಟ್ಟಿಲನ್ನು 1/60ಕ್ಕೆ ಕಟ್ಟಿಹಾಕಿ, ಮೇಲಿನ ತುದಿಗೆ ಮಾತ್ರ ಆರೇಳು ನಿಮಿಷಕ್ಕೊಂದು ಹೊಸ ಮೆಟ್ಟಿಲು ಸೇರಿಸುತ್ತಾ ಹೋದರೆ, ಪ್ರತಿ ಸರಣಿಯೂ ಆ ಕ್ಷಣದ ದೃಶ್ಯಕ್ಕೆ ಸರಿಹೊಂದುತ್ತದೆ. ಇಪ್ಪತ್ತೆರಡು ನಿಮಿಷಗಳಲ್ಲಿ ಒಮ್ಮೆಯೂ ಕ್ಯಾಮೆರಾವನ್ನು ಮುಟ್ಟಿಲ್ಲವಾದ್ದರಿಂದ, ಆರಂಭದ ಆಕಾಶವನ್ನೂ ಕೊನೆಯ ದೀಪಗಳನ್ನೂ ಒಂದೇ ಚಿತ್ರದಲ್ಲಿ ಕೂಡಿಸುವ ಸಾಧ್ಯತೆಯೂ ಉಳಿಯುತ್ತದೆ. ಟಿಪ್ಪು ಬೇಸಿಗೆ ಅರಮನೆಯಂಥ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತವಾಗಿ ಅನುಮತಿ ಪಡೆಯಬೇಕು.

ಫ್ರೇಮುಗಳನ್ನು ಕೂಡಿಸುವ ಹಾದಿಗಳು ಮುಖ್ಯವಾಗಿ ಎರಡು. ಡೆಬೆವೆಕ್ ಮತ್ತು ಮಲಿಕ್ ತೋರಿಸಿದ ಹಾದಿಯಲ್ಲಿ ನೈಜ ಬೆಳಕಿನ ನಕ್ಷೆಯನ್ನು ಕಟ್ಟಿ, ಅದನ್ನು ಪರದೆಗೆ ಒಗ್ಗುವಂತೆ ಟೋನ್ ಮ್ಯಾಪಿಂಗ್ (ಹೊಳಪಿನ ಅಂತರವನ್ನು ಕುಗ್ಗಿಸುವುದು) ಮಾಡಲಾಗುತ್ತದೆ. 2007ರಲ್ಲಿ ಮರ್ಟೆನ್ಸ್, ಕೌಟ್ಸ್ ಮತ್ತು ವಾನ್ ರೀತ್ ಸೂಚಿಸಿದ ಎಕ್ಸ್‌ಪೋಷರ್ ಫ್ಯೂಶನ್ ಆ ನಕ್ಷೆಯ ಗೋಜಿಗೇ ಹೋಗದೆ, ಪ್ರತಿ ಬಿಂದುವಿನಲ್ಲೂ ಯಾವ ಫ್ರೇಮಿನಲ್ಲಿ ವಿವರ, ಬಣ್ಣ ಮತ್ತು ಹೊಳಪು ಚೆನ್ನಾಗಿವೆಯೆಂದು ನೋಡಿ ಅದಕ್ಕೆ ಹೆಚ್ಚು ತೂಕ ಕೊಟ್ಟು ಬೆರೆಸುತ್ತದೆ. ಎನ್‌ಫ್ಯೂಸ್ ಎಂಬ ಮುಕ್ತ ತಂತ್ರಾಂಶ ಈ ಬಗೆಯದು. ಮನೆಯ ಒಳಾಂಗಣಕ್ಕೆ ಎರಡನೆಯದು ಹೆಚ್ಚು ಸಹಜವಾದ ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ. ಮೊದಲನೆಯದನ್ನು ಆರಿಸಿದವರಿಗೆ ಒಂದು ಸೂಕ್ಷ್ಮ: ಡಯಲಿನಲ್ಲಿ 1/30 ಎಂದು ಕಾಣುವ ವೇಗ ಅನೇಕ ಕ್ಯಾಮೆರಾಗಳಲ್ಲಿ ನಿಜಕ್ಕೂ 1/32 ಸೆಕೆಂಡ್, 1/125 ಎಂಬುದು 1/128, ಮತ್ತು 30 ಸೆಕೆಂಡ್ ಎಂಬುದು 32 ಸೆಕೆಂಡ್, ಏಕೆಂದರೆ ಸ್ಟಾಪ್‌ಗಳು ಇಮ್ಮಡಿಯ ಲೆಕ್ಕದಲ್ಲಿ ಹೋಗುತ್ತವೆ, ಅಂಕೆಗಳನ್ನು ಓದಲು ಸುಲಭವಾಗಲೆಂದು ಹೊಂದಿಸಲಾಗಿದೆ. ಸಾಮಾನ್ಯ ಚಿತ್ರಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬೆಳಕನ್ನು ಅಳೆಯುವ ಉದ್ದೇಶದಿಂದ ತೆಗೆಯುವವರು ತಂತ್ರಾಂಶಕ್ಕೆ ನಿಜವಾದ ಕಾಲವನ್ನೇ ಕೊಡಬೇಕು.

ಗಾಳಿಗೆ ಅಲುಗುವ ತೆಂಗಿನ ಗರಿ, ರಸ್ತೆಯಲ್ಲಿ ಸಾಗುವ ಬಸ್ಸು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಇರುವುದರಿಂದ ಕೂಡಿಸಿದಾಗ ನೆರಳುಬಿಂಬಗಳು ಮೂಡುತ್ತವೆ. ಇದನ್ನು ಯಾವ ರಿಮೋಟೂ ತಡೆಯಲಾರದು. ಮಾಡಬಹುದಾದದ್ದು, ಏಣಿಯನ್ನು ಎರಡು ಮೂರು ಸಲ ಪೂರ್ತಿಯಾಗಿ ಓಡಿಸಿ, ಪ್ರತಿ ಮೆಟ್ಟಿಲಿನಲ್ಲೂ ಗರಿಗಳು ಹೆಚ್ಚು ನಿಶ್ಚಲವಾಗಿರುವ ಫ್ರೇಮನ್ನು ಆರಿಸಿಕೊಳ್ಳುವುದು. ಎಲ್ಲ ಮೌಲ್ಯಗಳೂ ಸ್ಕ್ರಿಪ್ಟಿನಲ್ಲೇ ಇರುವುದರಿಂದ ಎರಡನೆಯ ಸಲಕ್ಕೆ ತಗಲುವ ಶ್ರಮ ಒಂದು ಎಂಟರ್ ಕೀ ಒತ್ತುವಷ್ಟೇ.